ಸುಸ್ವಾಗತ ಬರೆದ ಜೀಪು

ರೋಣ ತಾಲೂಕಿನಲ್ಲಿ ಇರಲಿಕ್ಕೆ ಸ್ವಂತ ಮನೆಯಿದ್ದೂ ಅದರ ಅಂಗಳದಲ್ಲೇ ಗಾಲಿಗಳ ಮೇಲೆ ಇನ್ನೊಂದು ಮನೆ ಕಟ್ಟಿಕೊಂಡವರು ಇಬ್ಬರೇ ಇಬ್ಬರು. ಒಬ್ಬರು ನಮ್ಮ ಕಾಕಾ. ಇನ್ನೊಬ್ಬರು ಯಾರೆಂದು ನನಗೂ ಗೊತ್ತಿಲ್ಲ. ಒಬ್ಬರೇ ಎಂದರೆ ನೀವು ನಂಬಲಿಕ್ಕಿಲ್ಲವೆಂದು ಇಬ್ಬರು ಎಂದೆ.

ಕಾಕಾ ಎಂದರೆ ನನ್ನ ತಂದೆಯ ಕಿರಿಯ ತಮ್ಮ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ತಾಲೂಕಿನ ಅರ್ಧದಷ್ಟು ಜನಕ್ಕೆ ಹೂಜಿ, ಮಾವಿನಹಣ್ಣು ಮತ್ತು ನವಿಲು ಬಿಡಿಸುವುದನ್ನು ಕಲಿಸಿದ ಕೀರ್ತಿ ಅವರದು. ಕಲಿತವರು ಮುಂದೆ ಒಕ್ಕಲುತನ ಮಾಡಿದರು, ಕಂಡಕ್ಟರಾದರು, ಗ್ರಾಮ ಪಂಚಾಯಿತಿ ಸೇರಿದರು; ಯಾರಿಗೂ ಹೂಜಿ ಬಿಡಿಸುವ ಪ್ರಸಂಗ ಬರಲಿಲ್ಲ. ಒಬ್ಬನು ಮಾತ್ರ ನವಿಲನ್ನು ಕೈಬಿಡಲಿಲ್ಲ. ಅವನಿಂದ ಆದ ಅನಾಹುತಕ್ಕೆ ನಿಧಾನವಾಗಿ ಬರೋಣ.

ಮೊದಲು ಮನೆಯ ವಿಷಯ. ಅದನ್ನು ಹೇಳದಿದ್ದರೆ ಜೀಪಿನ ವಿಷಯ ತಿಳಿಯುವುದಿಲ್ಲ. ಕಾಕಾನ ಮನೆ ರೋಣದ ಬಸ್ ನಿಲ್ದಾಣಕ್ಕೆ ಎಷ್ಟು ಹತ್ತಿರವೆಂದರೆ, ಕಂಡಕ್ಟರು ಸೀಟಿ ಊದಿದರೆ ಇವರ ಪಡಸಾಲೆಯಲ್ಲಿ ಕುಳಿತವರು ಚೀಲ ಹಿಡಿದು ಎದ್ದು ನಿಲ್ಲುತ್ತಾರೆ. ಇಂಥ ಮನೆ ಬರೀ ಮನೆಯಾಗಿ ಉಳಿಯುವುದು ಹೇಗೆ? ಅಬ್ಬಿಗೇರಿಯಿಂದ ಕೋರ್ಟಿಗೆ ಬಂದವರು, ಹಳ್ಳಿಗಳಿಂದ ದವಾಖಾನೆಗೆ ಬಂದವರು, ಸಂತೆಗೆ ಬಂದವರು, ಕನ್ಯೆ ನೋಡಲು ಬಂದವರು, ಬಸ್ಸು ತಪ್ಪಿಸಿಕೊಂಡವರು, ಬಸ್ಸು ತಪ್ಪಲಿ ಎಂದೇ ನಿಧಾನವಾಗಿ ನಡೆದು ಬಂದವರು, ಎಲ್ಲರಿಗೂ ಅದೇ ತಂಗುದಾಣ. ಎಲ್ಲರಿಗೂ ಕಾಕಿಯ ರೊಟ್ಟಿ. ಕಾಕಿ ರೊಟ್ಟಿ ಬಡಿಯುವ ಸದ್ದು ಒಂದು ಹೊತ್ತು ಕೇಳದಿದ್ದರೆ ಓಣಿಯವರು ಯಾರಿಗೆ ಏನಾಯಿತೋ ಎಂದು ಬಂದು ಇಣುಕುತ್ತಾರೆ. ಬಂದವರು ಊಟಕ್ಕೂ ಕುಳಿತುಬಿಡುತ್ತಾರೆ.

ಹೀಗಿರುವಾಗ ಒಂದು ಮಧ್ಯಾಹ್ನ, ಕೊನೆಯ ನೆಂಟರು ಕೈತೊಳೆದು ಹೋದ ಮೇಲೆ, ಕಾಕಿ ಹೊಸ್ತಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು.

"ಏನ್ರಿ, ಒಂದ ರಾತ್ರಿ ನನ್ನ ಎಲ್ಲ್ಯರ ಕರಕೊಂಡ ಹೋಗ್ರಿ. ನಾ ಯಾರ ಮನಿಗೂ ಹೋಗಿರಬಾರದು, ನನ್ನ ಮನಿಗೂ ಯಾರೂ ಬಂದಿರಬಾರದು. ಅಷ್ಟ."

"ಎಲ್ಲೆ ಹೋಗೂಣು?"

"ಗಜೇಂದ್ರಗಡದಾಗ ಲಾಡ್ಜ್ ಅದಾವಂತಲ್ಲ."

"ಬೀಗರ ಊರಾಗ ಲಾಡ್ಜಿನ್ಯಾಗ ಮಲಗಿದ್ರ ಬೀಗರು ಏನಂದಾರು?"

"ಹುಬ್ಬಳ್ಳಿ?"

"ಅಲ್ಲೆ ನಿನ್ನ ತಂಗಿ ಇಲ್ಲೇನು?"

"ಬಾದಾಮಿ?"

"ನಮ್ಮ ಸಾಲಿ ಪ್ಯೂನನ ಮಗಳನ್ನ ಅಲ್ಲೇ ಕೊಟ್ಟಾರ. ಬಿಟ್ಟಾಳೇನು ಆಕಿ?"

ಗಂಡ ಹೆಂಡತಿ ಇಬ್ಬರೂ ಕುಳಿತು ನಾಡಿನ ಭೂಪಟವನ್ನು ಮೂಲೆಯಿಂದ ಮೂಲೆಗೆ ಶೋಧಿಸಿದರು. ನೆಂಟರಿಲ್ಲದ ಜಾಗವೆಂದರೆ ಊರುಗಳ ನಡುವಿನ ರಸ್ತೆ ಮಾತ್ರ ಎಂದು ತಿಳಿದುಬಂತು.

ಕಾಕಿ ಎದ್ದು ಒಳಗೆ ಹೋಗುತ್ತ, "ಕಡ್ಲಿ ಸುಗ್ಗಿ ಹತ್ತೂದರಾಗ ಆಗಬೇಕ್ರಿ. ಈ ಸಲ ಆಗಲಿಲ್ಲಂದ್ರ ನಾ ಇನ್ನ ಕೇಳಂಗಿಲ್ಲ" ಅಂದರು.

ಇದನ್ನು ಬೆದರಿಕೆ ಎಂದು ತಿಳಿಯಬೇಡಿ. ಬೆದರಿಕೆಯಾಗಿದ್ದರೆ ಕಾಕಾ ನಿಶ್ಚಿಂತರಾಗಿರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕಾಕಿ ತಮಗೆ ಸೈಕಲ್ ಹೊಡೆಯುವುದನ್ನು ಕಲಿಸಿ ಎಂದು ಕೇಳಿದ್ದರಂತೆ. ಕಾಕಾ ನಾಳೆ ಅಂದರು, ನಾಡಿದ್ದು ಅಂದರು. ಒಂದು ದಿನ ಕಾಕಿ "ಆತು ಬಿಡ್ರಿ" ಅಂದರು. ಆಮೇಲೆ ಆ ಮನೆಯಲ್ಲಿ ಸೈಕಲ್ಲಿನ ಮಾತು ಬರಲೇ ಇಲ್ಲ. ಕಾಕಾ ತಾವಾಗಿ ಹೊಸ ಲೇಡೀಸ್ ಸೈಕಲ್ ತಂದು ನಿಲ್ಲಿಸಿದಾಗಲೂ ಕಾಕಿ ಅದರ ಮೇಲೆ ಹಪ್ಪಳ ಒಣಹಾಕಿದರು. ಕೇಳಂಗಿಲ್ಲ ಅಂದರೆ ಕಾಕಿ ಕೇಳುವುದಿಲ್ಲ. ಇದು ಕಾಕಾನಿಗೆ ಗೊತ್ತಿತ್ತು. ಅವರ ಮುಖ ನೋಡಿದವರಿಗೂ ಗೊತ್ತಾಗುತ್ತಿತ್ತು.

ಅದೇ ವಾರ ಮೊಬೈಲಿನಲ್ಲಿ ಅವರಿಗೆ ಓವರ್‌ಲ್ಯಾಂಡಿಂಗ್ ಎಂಬ ಪದಾರ್ಥದ ದರ್ಶನವಾಯಿತು. ಯಾವುದೋ ದೇಶದ ಬಿಳಿಯ ದಂಪತಿಗಳು ಮರುಭೂಮಿಯ ನಡುವೆ ಗಾಡಿ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಗುಡಾರ ಬಿಚ್ಚಿ, ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಕಾಕಾ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿ, ಕಡೆಗೆ ನನ್ನ ತೋಳು ಹಿಡಿದು, "ನೋಡಲೇ, ಎಷ್ಟ ಹೊತ್ತಾತು, ಯಾರೂ ಬರವಲ್ಲರು" ಎಂದರು. ಅವರ ಕಣ್ಣು ತೇವವಾಗಿತ್ತು.

ಜೀಪು ಸಿಕ್ಕಿದ್ದು ನರಗುಂದದಲ್ಲಿ, ಗುಡ್ಡದ ಬುಡಕ್ಕಿದ್ದ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಹಿತ್ತಲಿನಲ್ಲಿ. ನಾಲ್ಕೂ ಗಾಲಿಗೆ ಶಕ್ತಿ ಹರಿಯುವ ಹಳೆಯ ಗಾಡಿ. ತನ್ನ ಯೌವನವನ್ನೆಲ್ಲ ಅದು ಕಾಳಿನ ಮೂಟೆ ಮತ್ತು ಒಣಮೆಣಸಿನಕಾಯಿ ಚೀಲ ಹೊರುವುದರಲ್ಲಿ ಕಳೆದಿತ್ತು. ಮೈಮೇಲೆ ಬಣ್ಣಕ್ಕಿಂತ ತುಕ್ಕು ಹೆಚ್ಚು ಹೊಳೆಯುತ್ತಿತ್ತು.

"ಮಾಸ್ತರ್ರ, ಎಲ್ಲೆ ಅಂದ್ರ ಅಲ್ಲೆ ಹೋಗ್ತೈತ್ರಿ ಇದು. ಎಂಥಾ ಗುಡ್ಡಾ ಇರವಲ್ದ್ಯಾಕ," ಅಂದರು ಅಂಗಡಿಯ ಸಾವಕಾರರು.

"ತಿರುಗಿ ಬರ್ತೈತೇನ್ರಿ?" ಎಂದು ನಾನು ಕೇಳಿದೆ.

ಅವರು ನನ್ನನ್ನು ಕರುಣೆಯಿಂದ ನೋಡಿದರು. "ತಮ್ಮಾ, ಗುಡ್ಡಾ ಏರಿದ ಮ್ಯಾಲೆ ಬರೂದು ಇಳಕಲ ಅಲ್ಲೇನಪಾ?"

ಈ ತರ್ಕಕ್ಕೆ ಕಾಕಾ ಸೋತರು. ಅಲ್ಲೇ ವ್ಯಾಪಾರ ಮುಗಿಯಿತು. ನರಗುಂದ ದಾಟಿ ಗಾಡಿ ಸ್ವಲ್ಪ ವೇಗ ಪಡೆದದ್ದೇ ತಡ, ಅದರ ಸಂದುಗೊಂದುಗಳಲ್ಲಿ ವರ್ಷಗಟ್ಟಲೆ ಅಡಗಿ ಕುಳಿತಿದ್ದ ಮೆಣಸಿನಕಾಯಿ ಧೂಳು ಗಾಳಿಗೆ ಎದ್ದಿತು. ನಾವಿಬ್ಬರೂ ಬಿಕ್ಕಿ ಬಿಕ್ಕಿ ಅಳತೊಡಗಿದೆವು. ಎದುರು ಬಂದ ಬೈಕಿನವನೊಬ್ಬ ಗಾಡಿ ನಿಲ್ಲಿಸಿ ಟೊಪ್ಪಿಗೆ ತೆಗೆದು, "ಯಾರ ತೀರಿಕೊಂಡ್ರ್ರಿ?" ಎಂದು ಮೆಲ್ಲಗೆ ಕೇಳಿದ.

"ಯಾರೂ ಇಲ್ಲಪಾ," ಎಂದರು ಕಾಕಾ, ಮೂಗು ಒರೆಸಿಕೊಳ್ಳುತ್ತ. "ಜೀಪ್ ತಗೊಂಡೀವಿ."

ಆತ ಜೀಪನ್ನು ಮುಂದಿನಿಂದ ಹಿಂದಿನವರೆಗೆ ನೋಡಿದ. "ಸಮಾಧಾನ ಮಾಡಕೊಳ್ರಿ," ಎಂದು ಹೇಳಿ ಹೋದ.

ಇನ್ನು ಗಾಡಿಯ ಜೀರ್ಣೋದ್ಧಾರ. ಕಾಕಾ ಮೂಲತಃ ಚಿತ್ರಗಾರರು. ಚಿತ್ರ ಬರೆದ ಮೇಲೆ ವಸ್ತು ಅದರಂತೆ ಆಗಲೇಬೇಕೆಂಬ ನಂಬಿಕೆಯವರು. ಗಾಡಿಯ ಬ್ರೇಕು ಇನ್ನೂ ರಿಪೇರಿಯಾಗದಿರುವಾಗಲೇ ದೊಡ್ಡ ಹಾಳೆಯ ಮೇಲೆ ಅದರ ಮುಂದಿನ ನೋಟ, ಪಕ್ಕದ ನೋಟ, ಮೇಲಿನ ನೋಟ ಎಲ್ಲ ಸಿದ್ಧವಾದವು. ಕೊನೆಯ ಹಾಳೆಯಲ್ಲಿ ಗುಡ್ಡ, ಮುಳುಗುವ ಸೂರ್ಯ, ಜೀಪು, ಪಕ್ಕದಲ್ಲಿ ಕುರ್ಚಿಯ ಮೇಲೆ ಕೈಕಟ್ಟಿ ಕುಳಿತ ಕಾಕಿ. ಕಾಕಿ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಚಲೋ ಐತ್ರಿ. ನಾ ಇಲ್ಲೆ ಕುಂತೀನಿ ಹೌದಲ್ಲ? ಮತ್ತ ಅಡಗಿ ಯಾರ ಮಾಡಾಕತ್ತಾರ?"

ಕಾಕಾ ಪೆನ್ಸಿಲ್ ತೆಗೆದುಕೊಂಡು ಜೀಪಿನ ಹಿಂದೆ ಒಂದು ಒಲೆ ಬರೆದರು. ಒಲೆಯ ಮುಂದೆ ತಮ್ಮನ್ನು ಬರೆದುಕೊಂಡರು. ಪಾತ್ರೆಯಲ್ಲಿ ಏನಿದೆ ಎಂಬುದನ್ನು ಮಾತ್ರ ಹೊಗೆಯಿಂದ ಮುಚ್ಚಿದರು.

ಮೊಬೈಲಿನ ಬಿಳಿಯರು ತಮ್ಮ ಗಾಡಿಗೆ ಹಾಕಿಸಿದ ಸಾಮಾನುಗಳ ಬೆಲೆಗೆ ರೋಣದಲ್ಲಿ ಮದುವೆ ಮಾಡಬಹುದು. ಕಾಕಾ ಆ ದಾರಿ ಹಿಡಿಯುವವರಲ್ಲ. ಅವರು ಜಿಪುಣರೆಂದು ಹೇಳಿದರೆ ಪಾಪ ಬಂದೀತು; ಯಾವ ವಸ್ತುವಿಗೂ ಸಾವು ಬರುವುದನ್ನು ಅವರ ಮನಸ್ಸು ತಡೆಯದು, ಅಷ್ಟೇ. ನೆತ್ತಿಯ ಗುಡಾರಕ್ಕೆ ನಮ್ಮ ಅಜ್ಜ ಮಲಗುತ್ತಿದ್ದ ನವಾರದ ಹೊರಸು ಬಂತು. ಅದರ ಮೇಲೆ ಕಾಳಿನ ರಾಶಿಗೆ ಹೊದಿಸುವ ತಾಡಪತ್ರಿ ಬಂತು. ಮುಂದಿನ ಬಂಪರಿಗೆ ಹೊಲದ ಹಳೆಯ ಕುಂಟೆಯ ದಿಂಡು ಬಂತು. ಜೀಪು ಹೊರಟರೆ ಹೆದ್ದಾರಿಯ ಕಳೆ ತೆಗೆಯಲು ಹೊರಟಂತೆ ಕಾಣುತ್ತಿತ್ತು. ಸ್ನಾನಕ್ಕೆ, ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧಿ ಹೊಡೆಯುವ ಪಂಪು. ಹೊಸದೇ ತಂದಿದ್ದರು, ಅದೊಂದನ್ನು ಮೆಚ್ಚಬೇಕು.

"ಇದರಿಂದ ಜಳಕಾ ಮಾಡಿದ್ರ ಮೈಯಾಗಿನ ಹುಳಾನೂ ಸಾಯ್ತಾವ," ಎಂದು ಕಾಕಾ ಅದರ ಗುಣಗಾನ ಮಾಡಿದರು.

"ಹಂಗಾರ ಮೊದಲ ನೀವ ಹೊಡಕೊಳ್ರಿ," ಎಂದರು ಕಾಕಿ. "ತಲ್ಯಾಗಿಂದೂ ಹೋಗ್ತೈತೇನೋ ನೋಡೂಣು."

ಹಿಂದಿನ ಬಾಗಿಲಿಗಾಗಿ ವೆಲ್ಡಿಂಗ್ ಮಿಸ್ತ್ರಿಯ ಹತ್ತಿರ ಹೋದೆವು. ಅವನೇ ನಾನು ಹೇಳಿದ ನವಿಲಿನ ಶಿಷ್ಯ. ರೋಣದ ಮನೆಮನೆಗೂ ಗೇಟು ಮಾಡಿಕೊಟ್ಟವನು. ಏನು ಮಾಡಲು ಹೇಳಿದರೂ ಅವನ ಕೈಯಲ್ಲಿ ಅದು ಕೊನೆಗೆ ಗೇಟೇ ಆಗುತ್ತಿತ್ತು. ಸಾದಾ ಬಾಗಿಲು ಸಾಕು ಎಂದು ಕಾಕಾ ಒತ್ತಿ ಒತ್ತಿ ಹೇಳಿದರು. "ಸಾದಾ ಅಂದ್ರ ಸಾದಾನ ಮಾಡ್ತೀನಿ ಬಿಡ್ರಿ ಮಾಸ್ತರ್ರ," ಎಂದು ಅವನು ಮಾತು ಕೊಟ್ಟ.

ವಾರದ ಮೇಲೆ ನೋಡುತ್ತೇವೆ: ಎದುರುಬದುರು ನಿಂತ ಎರಡು ನವಿಲು, ನಡುವೆ ಉದಯಿಸುವ ಸೂರ್ಯ, ಮೇಲೆ ಕಮಾನಿನ ಆಕಾರದಲ್ಲಿ ದಪ್ಪ ಕಬ್ಬಿಣದ ಅಕ್ಷರಗಳಲ್ಲಿ ‘ಸುಸ್ವಾಗತ’.

"ಇದೇನೋ?" ಎಂದರು ಕಾಕಾ ಕ್ಷೀಣ ಸ್ವರದಲ್ಲಿ.

"ಸಾದಾನ ಐತಲ್ರಿ. ಆನಿ ಬಿಟ್ಟೀನಿ."

"ಅಲ್ಲೋ, ಯಾರೂ ಬರಬಾರದಂತ ನಾವು ಈ ಗಾಡಿ ಮಾಡಾಕತ್ತೀವಿ. ನೀ ಸುಸ್ವಾಗತ ಅಂತ ಬರದೀಯಲ್ಲೋ."

"ಬಾಗಲಾ ಅಂದ ಮ್ಯಾಲೆ ಅಷ್ಟ ಇರಬೇಕ್ರಿ. ಇಲ್ಲಂದ್ರ ನಾಳೆ ಮಂದಿ ನನ್ನ ಬೈತಾರ." ಮತ್ತೆ ತಲೆ ತಗ್ಗಿಸಿ, "ನವಲ್ ನೋಡ್ರಿ ಮಾಸ್ತರ್ರ. ನೀವ ಕಲಿಸಿದ್ದು," ಎಂದ.

ಕಾಕಾ ನವಿಲನ್ನು ನೋಡಿದರು. ಕತ್ತು ಸರಿಯಾಗಿಯೇ ಬಂದಿತ್ತು. ಗುರು ಇನ್ನೇನು ಹೇಳಬೇಕು? ಸುಸ್ವಾಗತ ಹಾಗೆಯೇ ಉಳಿಯಿತು.

ಮೊದಲ ಪ್ರಯಾಣಕ್ಕೆ ಕಾಕಾ ಆರಿಸಿದ್ದು ಚಿಕ್ಕನರಗುಂದದ ಹೊರಗೆ ಒಂದು ಕಾಲುವೆಯ ದಂಡೆ. ಅಲ್ಲಿ ನಮಗೆ ನೆಂಟರಿಲ್ಲವೆಂದು ಮೂರು ತಲೆಮಾರು ಹಿಂದಕ್ಕೆ ಹೋಗಿ ಖಾತ್ರಿ ಮಾಡಿಕೊಂಡಿದ್ದರು. ಗಾಡಿ ತಳ್ಳುವ ಪ್ರಸಂಗ ಬಂದರೆ ಇರಲಿ ಎಂದು ನನ್ನನ್ನೂ ಕಟ್ಟಿಕೊಂಡರು. ಜಾಗ ಮುಟ್ಟಿದ ಮೇಲೆ ನಾನು ಬಸ್ಸು ಹಿಡಿದು ಮರಳುವುದೆಂದು ಒಪ್ಪಂದ. ಸಂಜೆಗೆ ತಲುಪಿದೆವು. ಬೇವಿನ ಗಿಡ, ಹರಿಯುವ ನೀರು, ತಣ್ಣನೆಯ ಗಾಳಿ. ಕಾಕಿ ಕುರ್ಚಿಯಲ್ಲಿ ಕುಳಿತರು. ಕಾಕಾ ಒಲೆ ಹೊತ್ತಿಸಲು ಕಡ್ಡಿ ಗೀರಿದರು. ಅಷ್ಟರಲ್ಲಿ ಹೊಲದಿಂದ ಮರಳುತ್ತಿದ್ದ ಒಬ್ಬ ಯಜಮಾನ ಬಂದು ನಿಂತ.

"ಗಾಡಿ ಕೆಟ್ಟೇತೇನ್ರಿ?"

"ಇಲ್ಲಪಾ. ಇಲ್ಲೇ ಮಲಗಾಕ ಬಂದೀವಿ."

ಆತ ತುಸು ಯೋಚಿಸಿದ. "ಮನ್ಯಾಗ ಏನರ ಆಗೇತೇನ್ರಿ?"

"ಏನೂ ಆಗಿಲ್ಲ."

"ಮನಿ ಐತಲ್ರಿ?"

"ಐತಿ."

"ಮತ್ತ?"

ಆ ಒಂದು ‘ಮತ್ತ’ಕ್ಕೆ ಉತ್ತರ ಮೊಬೈಲಿನ ಯಾವ ವಿಡಿಯೋದಲ್ಲೂ ಇರಲಿಲ್ಲ. ಆತ ಊರೊಳಗೆ ಹೋದ. ಹೋದವನು ಹತ್ತಾರು ಜನರೊಂದಿಗೆ ಬಂದ. ಅವರಲ್ಲಿ ಒಬ್ಬ ಮುದುಕಿ ನೇರವಾಗಿ ಕಾಕಿಯ ಹತ್ತಿರ ಹೋಗಿ, ಕೈ ಹಿಡಿದು, ತಗ್ಗಿದ ದನಿಯಲ್ಲಿ, "ಏನಂದ್ರವ್ವಾ ನಿನಗ? ಮಕ್ಕಳೇನರ ಮನಿ ಬಿಡಿಸಿದ್ರೇನು?" ಎಂದು ಕೇಳಿದಳು. ಕಾಕಿ ಇಲ್ಲವೆಂದು ಎಷ್ಟು ಹೇಳಿದರೆ ಅಷ್ಟು ಅವಳಿಗೆ ಅನುಮಾನ ಗಟ್ಟಿಯಾಯಿತು. ಇಂಥ ಸಂಗತಿಯನ್ನು ಮಾನವಂತರು ಬಾಯಿಬಿಟ್ಟು ಹೇಳುತ್ತಾರೆಯೇ?

"ನಮ್ಮೂರ ಸೀಮ್ಯಾಗ ನೀವು ಬಯಲಾಗ ಮಲಗಿದ್ರ ನಾಳೆ ಸುತ್ತ ಹಳ್ಳ್ಯಾವ್ರು ನಮಗ ಉಗಳಂಗಿಲ್ಲೇನ್ರಿ? ಏಳ್ರಿ," ಎಂದ ಯಜಮಾನ. ನಮ್ಮನ್ನು ಎಬ್ಬಿಸಿಕೊಂಡು ಹೋದರು. ರೊಟ್ಟಿ, ಝುಣಕ, ಮೊಸರು, ಮೆತ್ತನೆಯ ಹಾಸಿಗೆ, ಯಾವುದಕ್ಕೂ ಕೊರತೆಯಿಲ್ಲ. ನನ್ನ ಬಸ್ಸು ಹೋಗಿಯಾಗಿತ್ತು, ನಾನೂ ಉಂಡೆ. ಆದರೆ ಆ ಮನೆಯ ಸೊಸೆ ಒಬ್ಬಳೇ ಅಷ್ಟು ಜನರಿಗೆ ರೊಟ್ಟಿ ಬಡಿಯುವುದನ್ನು ಕಂಡು ಕಾಕಿ ಸುಮ್ಮನಿರಲು ಸಾಧ್ಯವೇ? ಸೆರಗು ಸಿಕ್ಕಿಸಿ ಒಲೆಯ ಮುಂದೆ ಕುಳಿತುಬಿಟ್ಟರು. ಅವತ್ತು ಕಾಕಿ ಬಡಿದಷ್ಟು ರೊಟ್ಟಿ ರೋಣದಲ್ಲಿದ್ದರೂ ಬಡಿಯುತ್ತಿರಲಿಲ್ಲ.

ಎರಡನೆಯ ಸಲ ಕಾಕಾ ಬುದ್ಧಿ ಓಡಿಸಿದರು. ಪರರ ಊರಲ್ಲಿ ಮಲಗಿದರೆ ತಾನೆ ಅವರ ಮಾನಕ್ಕೆ ಕುಂದು? ಅಬ್ಬಿಗೇರಿಯಲ್ಲಿ ನಮ್ಮದೇ ಎರೆ ಹೊಲವಿದೆ. ನಮ್ಮ ಹೊಲದಲ್ಲಿ ನಾವು ಮಲಗಿದರೆ ಕೇಳುವವರು ಯಾರು? ಯಾರಿಗೂ ಹೇಳದೆ ಮೂವರೂ ಹೊರಟೆವು.

ಕೇಳಿದ್ದು ಮಳೆ. ಹೊತ್ತಲ್ಲದ ಹೊತ್ತಿನಲ್ಲಿ ಒಂದೇ ಒಂದು ಅಡ್ಡಮಳೆ ಬಿದ್ದು ಹೋಯಿತು. ಎರೆ ಮಣ್ಣಿನ ಗುಣ ಗೊತ್ತಿದ್ದವರಿಗೆ ನಾನು ಹೇಳಬೇಕಾದ್ದಿಲ್ಲ. ಗೊತ್ತಿಲ್ಲದವರು ಚಪ್ಪಲಿ ಹಾಕಿಕೊಂಡು ಅದರಲ್ಲಿ ಎರಡು ಹೆಜ್ಜೆ ಇಟ್ಟು ನೋಡಲಿ, ಮೂರನೆಯ ಹೆಜ್ಜೆಗೆ ಚಪ್ಪಲಿ ಇರುವುದಿಲ್ಲ. ಗಾಲಿಗಳು ಮಣ್ಣು ಮೆತ್ತಿಕೊಂಡು ಮೆತ್ತಿಕೊಂಡು ಊದಿ, ತಿರುಗುವುದನ್ನು ಬಿಟ್ಟವು. ಸಾಮಾನ್ಯ ಗಾಡಿಯಾಗಿದ್ದರೆ ಎರಡು ಗಾಲಿಯಲ್ಲಿ ಹೂತುಕೊಳ್ಳುತ್ತಿತ್ತು. ನಮ್ಮದು ನಾಲ್ಕು ಗಾಲಿಯ ಶಕ್ತಿಯದು. ನಾಲ್ಕೂ ಶಕ್ತಿ ಉಪಯೋಗಿಸಿ ಹೂತುಕೊಂಡಿತು. ನಾನು ತಳ್ಳಿದೆ. ನಾನೂ ಹೂತುಕೊಂಡೆ.

ವಿಧಿಯಿಲ್ಲದೆ ಅಬ್ಬಿಗೇರಿಯಲ್ಲಿದ್ದ ಕಾಕಾನ ದಾಯಾದಿ ತಮ್ಮನಿಗೆ ಫೋನು ಮಾಡಬೇಕಾಯಿತು. ಆತ ಟ್ರ್ಯಾಕ್ಟರ್ ತಂದ. ಟ್ರ್ಯಾಕ್ಟರಿನ ಹಿಂದೆ ಟ್ರಾಲಿ ಇತ್ತು. ಟ್ರಾಲಿಯಲ್ಲಿ ಅವನ ಹೆಂಡತಿ, ಮಕ್ಕಳು, ಸೊಸೆಯಂದಿರು, ಪಕ್ಕದ ಮನೆಯವರು, ಒಂದು ಕರು. ಜೀಪನ್ನು ಎಳೆದು ಒಣ ದಿಬ್ಬದ ಮೇಲೆ ನಿಲ್ಲಿಸಿದ ಮೇಲೆ ಆತ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೊರಸು, ತಾಡಪತ್ರಿ, ಒಲೆ ಡಬ್ಬಿಗಳನ್ನು ಜೋಡಿಸಿದ ಅಡಿಗೆ ಪೆಟ್ಟಿಗೆ ಎಲ್ಲ ನೋಡಿ, ನೊಂದ ದನಿಯಲ್ಲಿ ಹೇಳಿದ.

"ಅಣ್ಣಾ, ಹೊಲಕ್ಕ ಊಟಕ್ಕ ಬಂದು ನಮಗೊಂದ ಮಾತ ಹೇಳಲಿಲ್ಲಲ್ಲೋ."

"ಊಟಕ್ಕಲ್ಲೋ ತಮ್ಮಾ, ಕ್ಯಾಂಪಿಂಗ್."

"ಅದನ್ನರ ಹೇಳಬೇಕಿಲ್ಲೋ? ಎಲ್ಲಾರೂ ಕೂಡೇ ಮಾಡ್ತಿದ್ವಿ." ಮತ್ತೆ ತನ್ನ ಬಳಗದ ಕಡೆ ತಿರುಗಿ, "ಇಳೀರಿ ಎಲ್ಲಾರೂ. ಇವತ್ತ ಇಲ್ಲೇ," ಎಂದ.

ಇಳಿದವರಿಗೆ ಮೊದಲು ಕಂಡದ್ದು ಹಿಂಬಾಗಿಲ ಮೇಲಿನ ಸುಸ್ವಾಗತ. ಸಂಕೋಚ ಪಡುವವರೂ ಪಡಲಿಲ್ಲ. ಹುಡುಗರು ನೆತ್ತಿಯ ಹೊರಸು ಏರಿ, ಅದನ್ನು ಜೋಳ ಕಾಯುವ ಅಟ್ಟವೆಂದು ತಿಳಿದು, ಇಲ್ಲದ ಹಕ್ಕಿಗಳಿಗೆ ಕವಣೆ ಬೀಸತೊಡಗಿದರು. ಅದಕ್ಕೂ ಮೊದಲೇ ಕಾಕಿ ಹೊರಸಿಗೆ ಏರಲು ಇಟ್ಟ ನಿಚ್ಚಣಿಕೆಯನ್ನು ನೋಡಿ, "ಈ ಮೊಣಕಾಲ ತಗೊಂಡು ನಾ ಅಟ್ಟಾ ಏರಿ ಮಲಗಂಗಿಲ್ರಿ, ಹೊರಸು ಕೆಳಗ ಇಳಿಸ್ರಿ" ಎಂದಿದ್ದರು. ಈಗ ಇಳಿಸುವ ಮಾತೇ ಇಲ್ಲ. ಅಡಿಗೆ ಪೆಟ್ಟಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಹೆಂಗಸರೆಲ್ಲ ಹಾಡಿಹೊಗಳಿದರು. ಹೊಗಳಿದ ಮೇಲೆ ಅದರಲ್ಲಿ ಅಡಿಗೆಯಾಗಬೇಡವೇ? ಚಿತ್ರದ ಪ್ರಕಾರ ಒಲೆಯ ಮುಂದೆ ಕಾಕಾ ನಿಲ್ಲಬೇಕಿತ್ತು. ಅವರು ನಿಂತದ್ದೂ ಹೌದು. ಆದರೆ ತಮ್ಮನ ಹೆಂಡತಿ, "ಅಯ್ಯ, ಭಾವಾರು ಸೌಟ ಹಿಡದಾರಲ್ಲ," ಎಂದು ನಾಚಿ ಬಾಯಿಗೆ ಸೆರಗು ಹಿಡಿದಳು. ಕಾಕಿ ಅವರ ಕೈಯಿಂದ ಸೌಟು ಇಸಿದುಕೊಂಡರು.

ಎಲ್ಲರೂ ಉಂಡು, "ವೈನಿ ಕೈಯಾಗಿನ ಪಲ್ಯ ಮನಿಗಿಂತ ಬಯಲಾಗ ಚಲೋ ಆಗ್ತೈತಿ, ಮುಂದಿನ ಅಮಾಸಿಗೂ ಬರೂಣು" ಎಂದು ಠರಾವು ಮಾಡಿದರು. ಕಾಕಿ ಒಂದು ಬದಿಗೆ ಕುಳಿತು ಸ್ನಾನದ ಪಂಪಿನಿಂದ ನೀರು ಹೊಡೆದು ಪಾತ್ರೆ ತೊಳೆಯುತ್ತಿದ್ದರು. ಕಾಕಾ ಹತ್ತಿರ ಹೋಗಿ ನಿಂತರು.

"ಪಂಪ ಚಲೋ ಆತ ನೋಡ್ರಿ," ಎಂದರು ಕಾಕಿ. "ಭಾಂಡೆ ಲಗೂ ಸ್ವಚ್ಛ ಆಗ್ತಾವ." ಇನ್ನೊಂದು ಪಾತ್ರೆ ತೊಳೆದು ಬೋರಲಿಟ್ಟು, ಸಿಟ್ಟಿಲ್ಲದೆ, "ಆತು ಬಿಡ್ರಿ. ನೀವರೇನ ಮಾಡ್ತೀರಿ," ಎಂದರು.

ಆತು ಬಿಡ್ರಿ. ಕಾಕಾ ಆ ಮಾತು ಕೇಳಿ ನನ್ನ ಕಡೆ ನೋಡಿದರು. ಅವರಿಗೆ ಯಾವ ಸೈಕಲ್ಲು ನೆನಪಾಯಿತೆಂದು ನಾನು ಕೇಳಲಿಲ್ಲ.

ಅಲ್ಲಿಂದ ಮುಂದೆ ಕೆಲದಿನ ಕಾಕಾ ಜೀಪಿನ ತಂಟೆಗೆ ಹೋಗಲಿಲ್ಲ. ಕಡಲೆ ಹೊಲಗಳು ಹಣ್ಣಾಗತೊಡಗಿದವು. ಸುಗ್ಗಿ ಶುರುವಾದರೆ ಆ ಮನೆಯಲ್ಲಿ ಹಗಲು ರಾತ್ರಿಗೆ ವ್ಯತ್ಯಾಸ ಉಳಿಯುವುದಿಲ್ಲ. ಒಂದು ಮುಂಜಾನೆ ಪಡಸಾಲೆ ತುಂಬ ನೆಂಟರು ಕುಳಿತು ಚಹಾ ಕುಡಿಯುತ್ತಿರುವಾಗ ಕಾಕಾ ಹೊರಬಂದು, ಸಾಲೆಯಲ್ಲಿ ಗದ್ದಲ ನಿಲ್ಲಿಸುವ ದನಿಯಲ್ಲಿ ಪ್ರಕಟಿಸಿದರು.

"ನಮ್ಮದೊಂದು ಹರಕಿ ಐತಿ. ನಾವು ಗಂಡಾ ಹೆಂಡತಿ ಗಜೇಂದ್ರಗಡದ ಗುಡ್ಡದ ಮ್ಯಾಲೆ ಒಂದ ರಾತ್ರಿ ಬಯಲಾಗ ಇರಬೇಕು. ಮತ್ತೊಬ್ಬರ ಮನಿ ಅನ್ನಾ ಮುಟ್ಟಂಗಿಲ್ಲ, ಮತ್ತೊಬ್ಬರ ಹಾಸಗಿ ಮ್ಯಾಲೆ ಮಲಗಂಗಿಲ್ಲ, ಯಾರ ಕೂಡಾನೂ ಮಾತಾಡಂಗಿಲ್ಲ."

ಯಾಕೆ, ಏನು ಎಂದು ಒಬ್ಬರೂ ಕೇಳಲಿಲ್ಲ. ಸುಮ್ಮನೆ ಬಯಲಲ್ಲಿ ಮಲಗುತ್ತೇನೆ ಎಂದಾಗ ಊರೇ ಎದ್ದುಬಂದಿತ್ತು. ಹರಕೆ ಎಂದೊಡನೆ ಊರು ಕೈಮುಗಿದು ದಾರಿ ಬಿಟ್ಟಿತು. ಚಹಾ ಕುಡಿಯುತ್ತಿದ್ದವರು ತಮ್ಮ ತಮ್ಮ ಕಪ್ಪು ಬಸಿ ತಾವೇ ತೊಳೆದಿಟ್ಟರು. ಇಂಥ ಪವಾಡ ಆ ಮನೆಯಲ್ಲಿ ಮೊದಲನೆಯದು. ಗಜೇಂದ್ರಗಡದ ಬೀಗರು ಫೋನು ಮಾಡಿ, ತಾವು ಆ ದಿನ ಗುಡ್ಡದ ಕಡೆ ತಲೆ ಹಾಕುವುದಿಲ್ಲವೆಂದೂ ಮತ್ತೊಬ್ಬರಿಗೂ ಹಾಕಗೊಡುವುದಿಲ್ಲವೆಂದೂ ಭರವಸೆ ಕೊಟ್ಟರು.

ಒಳಗೆ ಕಾಕಿ ತಗ್ಗಿದ ದನಿಯಲ್ಲಿ ರೇಗಿದರು. "ದೇವರ ಹೆಸರ್ಲೆ ಸುಳ್ಳ ಹೇಳ್ತೀರಲ್ರಿ ಮಾಸ್ತರಾಗಿ."

"ನಾ ಯಾವ ದೇವರ ಹೆಸರೂ ತಗೊಂಡಿಲ್ಲ. ಹರಕಿ ಐತ್ಯಂದೆ. ಐತಿ."

ಕಾಕಿ ಹೊದಿಕೆ ತರಲು ಒಳಗೆ ಹೋದರು.

ಈ ಸಲ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ತಳ್ಳುವುದು ಬಂದರೆ ತಾವೇ ತಳ್ಳಿಕೊಳ್ಳುವುದಾಗಿ ಹೇಳಿ, ಮಧ್ಯಾಹ್ನ ಇಬ್ಬರೇ ಹೊರಟರು. ಬಸ್ ನಿಲ್ದಾಣದ ಜನ ಎದ್ದು ನಿಂತು ಕೈಮುಗಿದರು.

ಮರುದಿನ ನಸುಕಿನಲ್ಲೇ ಅಬ್ಬಿಗೇರಿಯ ತಮ್ಮ ನನಗೆ ಫೋನು ಮಾಡಿದ. ಹರಕೆ ತೀರಿಸಿದವರು ಹಾಗೆಯೇ ಎದ್ದು ಬರಬಾರದು. ಕಾಕಿಗೆ ಉಡಿ ತುಂಬಿ, ಮಾನದಿಂದ ಕರೆತರಬೇಕು. ಆ ಜವಾಬ್ದಾರಿ ನನ್ನದು. ಕಾಯಿ, ಕುಪ್ಪಸದ ಬಟ್ಟೆ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸು ಹಿಡಿದೆ. ಗಜೇಂದ್ರಗಡದಲ್ಲಿ ಇಳಿದು, ಗುಡ್ಡದ ನೆತ್ತಿಯ ಮೇಲೆ ಕರೆಂಟಿಗಾಗಿ ಗಾಳಿಯಂತ್ರ ನಿಲ್ಲಿಸಿದವರು ಮಾಡಿಕೊಂಡ ಕಚ್ಚಾ ರಸ್ತೆ ಹಿಡಿದು ಗುಡ್ಡ ಏರತೊಡಗಿದೆ. ದಾರಿ ಕೇಳುವ ಅಗತ್ಯ ಬೀಳಲಿಲ್ಲ. ಗುಡ್ಡದ ಬುಡದಲ್ಲೇ ಒಂದು ಜಾಲಿಯ ಗಿಡ ನಮ್ಮ ತಾಡಪತ್ರಿಯನ್ನು ಹೊದ್ದುಕೊಂಡು ನಿಂತಿತ್ತು. ಗಾಳಿಯಂತ್ರಗಳನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ತಾಡಪತ್ರಿ ಕಟ್ಟುವ ಮುನ್ನ ಯೋಚಿಸಬೇಕಿತ್ತೆಂದು ಡ್ರಾಯಿಂಗ್ ಮಾಸ್ತರರಿಗೆ ಹೇಳುವವರು ಯಾರು? ಇನ್ನೊಂದು ತಿರುವಿನಲ್ಲಿ ಕುರ್ಚಿ ಸಿಕ್ಕಿತು. ಅದರಾಚೆ ಪಾತ್ರೆಯ ಮುಚ್ಚಳ, ಆಮೇಲೆ ಕಾಕಾನ ಟವೆಲ್ಲು. ಒಂದೊಂದೇ ಎತ್ತಿಕೊಂಡು ಏರಿದೆ. ಅವರಿಬ್ಬರೂ ಎಲ್ಲಾದರೂ ಇಂಥದೇ ತಿರುವಿನಲ್ಲಿ ಸಿಕ್ಕುವರೇನೋ ಎಂದು ಹೆಜ್ಜೆ ಜೋರು ಮಾಡಿದೆ.

ಮೇಲೆ ತಲುಪಿದಾಗ ಹೊತ್ತು ಚೆನ್ನಾಗಿ ಏರಿತ್ತು. ಜೀಪು ನಿಂತಿತ್ತು. ಅದರಿಂದ ಸ್ವಲ್ಪ ದೂರ ಒಬ್ಬ ಕುರುಬ ತನ್ನ ಕುರಿಗಳನ್ನು ಅಲ್ಲಲ್ಲೇ ತಡೆದುಕೊಂಡು ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ಹರಕೆಯ ಸುದ್ದಿ ತಿಳಿದು ಉಡಿ ತುಂಬಲು ಬಂದ ಇಬ್ಬರು ಹೆಂಗಸರು ತಟ್ಟೆ ಹಿಡಿದು ಕುಳಿತಿದ್ದರು. ಯಾರೂ ಪಿಟ್ಟೆನ್ನುತ್ತಿರಲಿಲ್ಲ. ಕಾಕಾ ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ಜೀಪಿನ ಪಕ್ಕದಲ್ಲಿ, ಕೆಳಗಿಳಿಸಿದ ಅಜ್ಜನ ಹೊರಸಿನ ಮೇಲೆ, ಕಾಕಿ ಮಲಗಿದ್ದರು.

ನಾನು ಹತ್ತಿರ ಹೋಗಿ ಪಿಸುದನಿಯಲ್ಲಿ, "ಕಾಕಾ, ಮೈಗೆ ಆರಾಮ ಇಲ್ಲೇನು? ಎಬ್ಬಸೂಣೇನು?" ಎಂದೆ.

"ಏ, ಸುಮ್ನಿರು," ಎಂದರು ಕಾಕಾ. "ಆರಾಮ ಅದಾಳ. ಮಲಗ್ಯಾಳ."

ತಟ್ಟೆ ಹಿಡಿದ ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ, "ಎಷ್ಟೊತ್ತಿಗೆ ಏಳ್ತಾರ್ರಿ?" ಎಂದಳು.

"ಎದ್ದಾಗ," ಎಂದರು ಕಾಕಾ.

ಅವರ ಕೈಯಲ್ಲಿ ತಾವೇ ಕಾಸಿದ ಚಹಾದ ಲೋಟವಿತ್ತು. ಯಾವಾಗಲೋ ಆರಿ ಕೆನೆಗಟ್ಟಿತ್ತು. ಕುಡಿಯುವುದು ಮರೆತು ಹೊರಸಿನ ಕಡೆ ನೋಡುತ್ತಿದ್ದರು.

"ಲಗ್ನಾದಾಗಿಂದ ಈಕಿ ಮಲಗಿದ್ದನ್ನ ನಾ ನೋಡೇ ಇಲ್ಲೋ," ಎಂದರು, ನನಗೆ ಹೇಳಿದರೋ ಇಲ್ಲವೋ ಅನ್ನುವ ಹಾಗೆ. "ನಾ ಮಲಗೂ ಮುಂದ ಎದ್ದಿರತಿದ್ಲು. ನಾ ಏಳೂದರಾಗ ಎದ್ದಿರತಿದ್ಲು. ನೋಡು, ಗಲ್ಲದ ಕೆಳಗ ಕೈ ಇಟಗೊಂಡು ಮಲಗ್ತಾಳ. ನನಗ ಗೊತ್ತ ಇರಲಿಲ್ಲ."

ನಾನು ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು ಹೆಂಗಸರ ಸಾಲಿನಲ್ಲಿ ಕುಳಿತೆ. ಬಿಸಿಲು ಜೀಪಿನ ನೆತ್ತಿ ದಾಟಿ ಇಳಿದು, ಹೊರಸಿನ ಕಾಲು ಮುಟ್ಟಿ, ಹೊದಿಕೆಯ ಮೇಲೆ ಹರಿದು, ಕಾಕಿಯ ಮುಖದ ಹತ್ತಿರ ಬಂತು. ಹೊದಿಸಿ ತಡೆಯಲು ತಾಡಪತ್ರಿ ಇರಲಿಲ್ಲ. ಕಾಕಾ ಲೋಟವನ್ನು ಕಲ್ಲಿನ ಮೇಲಿಟ್ಟು ಎದ್ದರು. ಹೊರಸಿನ ಪಕ್ಕಕ್ಕೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ, ತಮ್ಮ ನೆರಳು ಸರಿಯಾಗಿ ಆ ಮುಖದ ಮೇಲೆ ಬೀಳುವಂತೆ ನಿಂತರು.

ಅಷ್ಟು ಗಾಳಿಯಲ್ಲೂ ಅಲುಗಾಡದೆ ನಿಂತಿದ್ದರು. ಬಿಸಿಲು ಸರಿದಾಗ ಮಾತ್ರ ಒಂದಿಷ್ಟು ಸರಿಯುತ್ತಿದ್ದರು.